ನೀರು ಕುಡಿಯುವ ಕಾರಿನಲ್ಲಿ ಖಾನಾಪುರದವರೆಗೆ

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಬೇರೆಯವರು ವಿದೇಶಕ್ಕೆ ಹೋಗಿ ಬಂದು ಬರೆದ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಮೈಸೂರಿನ ಒಂದು ಮುದ್ರಣಾಲಯದ ಕಿಟಕಿ ಪಕ್ಕ ಕೂತು ಆಲ್ಪ್ಸ್ ಪರ್ವತದ ಒತ್ತಕ್ಷರ ಸರಿಮಾಡಿದ್ದೇನೆ, ನೈಲ್ ನದಿಗೆ ಪೂರ್ಣವಿರಾಮ ಹಾಕಿದ್ದೇನೆ. ಈ ಡಿಸೆಂಬರಿನಲ್ಲಿ ನನ್ನದೂ ಒಂದು ಪ್ರವಾಸವಾಯಿತು. ಹೋದದ್ದು ಬೆಳಗಾವಿಗೆ.

ಬೆಳಗಾವಿಯನ್ನು ಪರದೇಶವೆಂದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಬರಬೇಕಾದ್ದೇ. ಪರದೇಶಿ ನಾನು. ರೈಲು ಇಳಿದು ಆಟೋದವನಿಗೆ ವಿಳಾಸ ಹೇಳಿದಾಗ ಅವನು ನನ್ನನ್ನು ಕನ್ನಡಿಯಲ್ಲಿ ನೋಡಿ, "ಬೆಂಗಳೂರ ಕಡಿಯವ್ರೇನ್ರಿ?" ಅಂದ. ಮೈಸೂರು ಅಂದೆ. "ಎಲ್ಲಾ ಒಂದ ಬಿಡ್ರಿ" ಅಂದ. ಮೈಸೂರಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಅಕ್ಕನ ಮನೆ, ಬೆಳಗಿನ ಆರು

ಅಕ್ಕ ಮದುವೆಯಾಗಿ ಬೆಳಗಾವಿಗೆ ಬಂದು ಮೂವತ್ತೆರಡು ವರ್ಷ. ನಮ್ಮದೂ ಜೈನರ ಮನೆ, ಭಾವನದೂ ಜೈನರ ಮನೆ. ಹೊಂದಿಕೆಗೆ ಅಷ್ಟು ಸಾಕೆಂದು ಹಿರಿಯರು ತಿಳಿದಿದ್ದರು. ಮೊದಲ ವರ್ಷವೆಲ್ಲ ಅಕ್ಕ ಇಲ್ಲಿಯ ಊಟದ ಖಾರಕ್ಕೆ ಅಳುತ್ತಿದ್ದಳು. ಈಗ ನಾನು ಮಾಡಿದ ಸಾರನ್ನು ಬಾಯಿಗಿಟ್ಟು, "ಇದೇನ ನಳಿನಿ, ಬಿಸಿನೀರ ಬಡಿಸಿಯಲ್ಲ" ಅನ್ನುತ್ತಾಳೆ.

ಭಾವನ ಹೆಸರು ಪಾರಿಸಪ್ಪ. ಊರಿನ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಾಲ್ಕು ವರ್ಷದ ಹಿಂದೆ ನಿವೃತ್ತರಾದರು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ತೆಗೆದ ಮಾಲನ್ನು ತಟ್ಟಿ, ತಿರುಗಿಸಿ, ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವರ ಕೆಲಸವಾಗಿತ್ತು. ಹೆಚ್ಚಾಗಿ ಕೆಟ್ಟದ್ದು ಅನ್ನುತ್ತಿದ್ದರಂತೆ. ಜನ ಅವರಿಗೆ 'ರಿಜೆಕ್ಟ್ ಸಾಹೇಬ್ರು' ಅಂತ ಹೆಸರಿಟ್ಟಿದ್ದರು. ಭಾವ ಅದನ್ನು ಬಿರುದಿನ ಹಾಗೆ ಇಟ್ಟುಕೊಂಡಿದ್ದರು.

ನಾನು ಎದ್ದು ಹೊರಗೆ ಬಂದಾಗ ಅವರು ತಮ್ಮ ಬಿಳಿ ಕಾರಿನ ಬಾನೆಟ್ ಎತ್ತಿ ನಿಂತಿದ್ದರು. ಕಾರಿಗೆ ಇಪ್ಪತ್ತಾರು ವರ್ಷ. ಭಾವನ ಕೈಯಲ್ಲಿ ತಂಬಿಗೆ, ತಂಬಿಗೆಯ ಬಾಯಿಗೆ ಬಿಳಿ ಬಟ್ಟೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ನಮ್ಮಲ್ಲೂ ಉಂಟು. ಆದರೆ ಕಾರಿಗೂ ಸೋಸಿದ ನೀರನ್ನೇ ಕುಡಿಸುವುದನ್ನು ನೋಡಿದ್ದು ಇಲ್ಲೇ ಮೊದಲು.

"ಕಾರಿಗೂ ಸೋಸಬೇಕಾ ಭಾವ?"

"ಒಳಗ ಹೋದ್ರ ಕುದ್ದು ಸಾಯ್ತಾವಲ್ಲ ಜೀವ" ಅಂದರು, ನಾನು ಇಷ್ಟೂ ತಿಳಿಯದವಳು ಎನ್ನುವ ಹಾಗೆ.

"ನೀರಲ್ಲ, ಹಸಿರು ಕೂಲಂಟ್ ಹಾಕಬೇಕು ಅಂತಾರಲ್ಲ?"

"ಹಾಕತಿದ್ನಿ. ದಿನಾ ಅರ್ಧಾ ಲೀಟರ್ ಮಾಯ ಆಗತೈತಿ. ಎಲ್ಲಿ ಹೊಕ್ಕೈತಿ ಅಂತ ತಿಳೀವಲ್ದು. ಇಲ್ಲಿ ನೋಡು."

ಕಾರಿನ ಕೆಳಗೆ ಹಿಂದಿನ ದಿನದ ಪೇಪರು ಹಾಸಿದ್ದರು. ಬಗ್ಗಿ ನೋಡಿದೆ. ಒಂದು ಹನಿಯ ಗುರುತೂ ಇರಲಿಲ್ಲ.

ರೇಡಿಯೇಟರಿನ ಮುಚ್ಚಳ ಹಾಕಿದ ಮೇಲೆ ಅವರು ಅದೇ ಒದ್ದೆ ಬಟ್ಟೆಯಲ್ಲಿ ಇಂಜಿನ್ನಿನ ಮೇಲಿದ್ದ, ಅಂಗೈ ಉದ್ದದ ಒಂದು ಬಾಗಿದ ಲೋಹದ ತುಂಡನ್ನು ಒರೆಸತೊಡಗಿದರು. ಇಂಜಿನ್ನಿನಲ್ಲಿ ಕಾದ ನೀರು ಅದರ ಮೂಲಕ ರಬ್ಬರ್ ಪೈಪಿಗೆ ಇಳಿದು ರೇಡಿಯೇಟರ್ ಸೇರುತ್ತದೆ. ಮೊಣಕೈ ಹಾಗೆ ಬಾಗಿರುವುದರಿಂದ ಅದಕ್ಕೆ ಎಲ್ಬೋ ಎನ್ನುತ್ತಾರೆ. ಇಂಜಿನ್ನಿನಲ್ಲಿ ಉಳಿದದ್ದೆಲ್ಲ ಮಸಿ ಹಿಡಿದು ಕಪ್ಪಗಿತ್ತು. ಅದೊಂದು ಮಾತ್ರ ದೇವರ ಮನೆಯ ತಟ್ಟೆಯಂತೆ ಹೊಳೆಯುತ್ತಿತ್ತು.

"ಇದು ನಂದು" ಅಂದರು ಭಾವ. "ಕಂಪನಿ ಮಾಲ್ ಬರೂದು ನಿಂತಾಗ ನಾನ ಅಚ್ಚು ಕಟ್ಟಿ ಹೊಯ್ದದ್ದು. ರಿಟಾಯರ್ ಆಗೂ ಮುಂದ ಅದ ಕಡೀ ಎರಕ."

ಒಳಗೆ ಅಕ್ಕ ಅವಲಕ್ಕಿ ಹಚ್ಚುತ್ತಿದ್ದಳು. ಭಾವನಿಗೆ ಕೇಳಿಸದ ಹಾಗೆ ಹೇಳಿದಳು: "ನೀರು ಹೋದ್ರ ಹೋಗ್ಲಿ ಬಿಡು. ಈ ಗಾಡಿಯಿಂದ ದಸ್ತಗೀರಣ್ಣ ದೂರ ಆದ್ರಲ್ಲ, ಅದು ನನಗ ಸಂಕಟ."

ದಸ್ತಗೀರ್ ಭಾವನ ಗೆಳೆಯ, ಉದ್ಯಮಬಾಗದಲ್ಲಿ ಕಾರು ರಿಪೇರಿಯ ಮಿಸ್ತ್ರಿ. ಮೂವತ್ತು ವರ್ಷ ಭಾನುವಾರ ತಪ್ಪದೆ ಇವರ ಮನೆಗೆ ಚಹಾಕ್ಕೆ ಬರುತ್ತಿದ್ದವರು. ಎರಡು ವರ್ಷದ ಹಿಂದೆ ಕಾರು ನೀರು ಕುಡಿಯತೊಡಗಿದಾಗ, ನೀರು ಸೋರದಂತೆ ಇಂಜಿನ್ನಿನ ತಲೆಯ ಕೆಳಗೆ ಹಾಸುವ ಗ್ಯಾಸ್ಕೆಟ್ ಹೋಗಿರಬೇಕೆಂದು ಭಾವನೇ ತೀರ್ಮಾನಿಸಿ ಅವರ ಕೈಲಿ ಬದಲು ಮಾಡಿಸಿದರು. ಆಮೇಲೂ ನೀರು ಮಾಯವಾಗುವುದು ನಿಲ್ಲಲಿಲ್ಲ. ಭಾವ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಮುಂದೆ, "ನಿನ್ನ ಕೈ ನಡಗಾಕತ್ತಾವು, ಇನ್ನ ಇಂಜಿನ್ ಮುಟ್ಟಬ್ಯಾಡ" ಅಂದುಬಿಟ್ಟರು. ಅಂದಿನಿಂದ ದಸ್ತಗೀರ್ ಈ ಮನೆಗೆ ಬಂದಿಲ್ಲ. ಯಾರ ಇಂಜಿನ್ನನ್ನೂ ಬಿಚ್ಚಿಲ್ಲವಂತೆ. ಆಯಿಲ್ ಬದಲಿಸಿ, ಗಾಳಿ ತುಂಬಿ ದಿನ ದೂಡುತ್ತಾರಂತೆ.

"ಅಷ್ಟು ದೊಡ್ಡ ಮಾತು ಯಾಕೆ ಅಂದರು?" ಎಂದು ಕೇಳಿದೆ.

"ಮೂವತ್ತು ವರ್ಷ ಅದನ್ನ ಅಂದು ಪಗಾರ ತಗೊಂಡಾರ" ಅಂದಳು ಅಕ್ಕ.

ಉದ್ಯಮಬಾಗದ ಮೇಲೆ ಹಾದು

ನಾವು ಹೊರಟದ್ದು ಕಣಕುಂಬಿಗೆ. ಅಲ್ಲಿ ಹೊಳೆ ಹುಟ್ಟುವ ಜಾಗ ನನಗೆ ತೋರಿಸಬೇಕೆಂದು ಅಕ್ಕನಿಗೆ ಆಸೆ. ಜಾಂಬೋಟಿ ಮೇಲೆ ನೇರ ದಾರಿಯಿದೆ. ಆದರೆ ಅಕ್ಕನಿಗೆ ಖಾನಾಪುರದಲ್ಲಿ ಮಣ್ಣಿನ ಕುಂಡಗಳು ಬೇಕಿದ್ದವು. ಹೀಗಾಗಿ ಸುತ್ತು ಹಾದಿ.

ಹಿಂದಿನ ಸೀಟಿನಲ್ಲಿದ್ದ ನನಗೆ ಒಂದು ಹುದ್ದೆ ಸಿಕ್ಕಿತು. ಭಾವನ ಕಣ್ಣು ರಸ್ತೆಯ ಮೇಲಿರುವುದರಿಂದ, ಕಾವು ತೋರಿಸುವ ಮುಳ್ಳನ್ನು ನಾನು ನೋಡಿಕೊಳ್ಳಬೇಕು. ಮುಳ್ಳು ಅರ್ಧ ದಾಟಿದರೆ ಹೇಳಬೇಕು. ಬೇರೆಯವರು ಪ್ರವಾಸದಲ್ಲಿ ಜಲಪಾತ ನೋಡುತ್ತಾರೆ, ಅರಮನೆ ನೋಡುತ್ತಾರೆ. ನಾನು ಇಪ್ಪತ್ತೈದು ಕಿಲೋಮೀಟರು ನೋಡಿದ್ದು ಒಂದು ಕೆಂಪು ಮುಳ್ಳನ್ನು. ರಸ್ತೆಯ ಇಕ್ಕೆಲಗಳಲ್ಲಿ ಏನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಉದ್ಯಮಬಾಗ ಮಾತ್ರ ನೋಡಿದೆ, ಏಕೆಂದರೆ ಅಲ್ಲಿ ಕಾರು ನಿಧಾನವಾಯಿತು. ಡಬ್ಬಿ ಹಿಡಿದ ಜನ ಬಸ್ಸಿನಿಂದ ಇಳಿಯುತ್ತಿದ್ದರು, ಬೈಕುಗಳು ಗೇಟಿನೊಳಗೆ ನುಗ್ಗುತ್ತಿದ್ದವು. ಕಾದ ಮರಳಿನ ವಾಸನೆ ಬರುತ್ತಿತ್ತು. ಅಕ್ಕ ಎಡಗಡೆ ಕೈ ಮಾಡಿ, "ಅದ ದಸ್ತಗೀರಣ್ಣನ ಗ್ಯಾರೇಜು" ಅಂದಳು. ತಗಡಿನ ಚಪ್ಪರ, ಪಕ್ಕದಲ್ಲಿ ಚಹಾದಂಗಡಿ, ಸ್ಟೂಲಿನ ಮೇಲೆ ಪೇಪರು ಓದುತ್ತಿದ್ದ ಕನ್ನಡಕದ ಮನುಷ್ಯ. ಆ ಗ್ಯಾರೇಜು ದಾಟುವವರೆಗೆ ಭಾವ ಕುತ್ತಿಗೆ ಉಳುಕಿದವರಂತೆ ಬಲಗಡೆಯೇ ನೋಡುತ್ತ ಗಾಡಿ ಓಡಿಸಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಅತಿಥಿಯಾದ್ದರಿಂದ ಮುಳ್ಳು ನೋಡುತ್ತ ಕೂತೆ.

ಖಾನಾಪುರ ಇನ್ನೇನು ಬಂತು ಅನ್ನುವಾಗ ಮುಳ್ಳು ಅರ್ಧ ದಾಟಿತು. ಹೇಳಿದೆ. ಭಾವ ತಕ್ಷಣ ಹೀಟರ್ ಹಾಕಿದರು. ಇಂಜಿನ್ನಿನ ಕಾವನ್ನು ಒಳಗೆ ಎಳೆದುಕೊಂಡರೆ ಇಂಜಿನ್ನಿಗೆ ಸ್ವಲ್ಪ ಹಗುರವಾಗುತ್ತದಂತೆ. ನಮಗೆ ಹಗುರವಾಗಲಿಲ್ಲ. ಕಾಲಿನ ಬಳಿ ಒಲೆ ಹೊತ್ತಿದಂತಾಯಿತು. ಮೂವರೂ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು, ಬಿಸಿ ಬುಟ್ಟಿಯಲ್ಲಿಟ್ಟ ಕೋಳಿಗಳಂತೆ, ಅಕ್ಕನಿಗೆ ಪರಿಚಯದ ಕುಂಬಾರರ ಅಂಗಳಕ್ಕೆ ಹೊಕ್ಕೆವು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಏಳುತ್ತಿತ್ತು.

ಶೇವಂತಾಬಾಯಿಯ ಚಪ್ಪರ

ಮೈಸೂರಿನಲ್ಲಿ ಕಾರು ಕೆಟ್ಟರೆ ಜನ ಮರುಕದಿಂದ ನೋಡಿ ಮುಂದೆ ಹೋಗುತ್ತಾರೆ. ಇಲ್ಲಿ ನಿಲ್ಲುತ್ತಾರೆ. ಹತ್ತು ನಿಮಿಷದಲ್ಲಿ ಮೂರು ಬೈಕು ನಿಂತವು. ಒಬ್ಬ ಫ್ಯಾನ್ ಅಂದ. ಇನ್ನೊಬ್ಬ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿ, ಥರ್ಮೋಸ್ಟ್ಯಾಟ್ ತೆಗೆದು ಒಗೆಯಿರಿ ಅಂದ. ಮೂರನೆಯವನು ಏನೂ ಹೇಳದೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಭಾವ ಅವನ ಮಣಿಕಟ್ಟು ಹಿಡಿದು ಎಳೆದರು.

"ಮಾರಿ ಸುಟ್ಟ ಹೋದೀತು! ಆರೂತನಾ ಮುಟ್ಟಬಾರದು."

ಮನೆಯ ಯಜಮಾನಿ ಶೇವಂತಾಬಾಯಿ, ಅರವತ್ತರ ಹೆಂಗಸು, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡೇ ಬಂದರು. "ಬರ್ರಿ ಅಕ್ಕಾರ, ಕುಂದರ್ರಿ. ಗಾಡಿ ತನ್ನಷ್ಟಕ್ಕ ಆರತೈತಿ. ಚಾ ಕುಡೀರಿ" ಎಂದು ಚಪ್ಪರದಡಿ ಚಾಪೆ ಹಾಸಿದರು. ಚಹಾ ಬಂತು. ಇಲ್ಲಿಯ ಚಹಾದ ಕಪ್ಪು ನಮ್ಮೂರಿನ ಕಾಫಿ ಲೋಟದ ಕಾಲುಭಾಗ. ಸಕ್ಕರೆ ಮಾತ್ರ ನಾಲ್ಕು ಲೋಟದ್ದು.

ಕಾರು ಆರಿದ ಮೇಲೆ ಭಾವ ತಪಾಸಣೆಗೆ ನಿಂತರು. ಅವರ ಕೆಲಸದ ಪರಿಯನ್ನು ಮೊದಲ ಸಲ ನೋಡಿದೆ. ನಿಜಕ್ಕೂ ಚೆಂದ. ಫ್ಯಾನು ತಿರುಗುತ್ತಿತ್ತು, ಅದು ಸರಿ. ಮೇಲಿನ ಪೈಪು ಬಿಸಿ, ಕೆಳಗಿನದೂ ಬಿಸಿ. ಹಾಗಾದರೆ ನೀರು ಓಡಾಡುತ್ತಿದೆ, ಥರ್ಮೋಸ್ಟ್ಯಾಟ್ ಸರಿ. ಆಯಿಲ್ ನೋಡುವ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡರು. "ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ರ ಆಯಿಲು ಹಾಲು ಹಾಕಿದ ಚಾದಂಗ ಕಾಣತೈತಿ" ಅಂದರು. ಆಯಿಲ್ ಶುದ್ಧವಾಗಿತ್ತು. ಹೊಗೆಯೂ ಬಿಳಿಯಾಗಿರಲಿಲ್ಲ. ಇಷ್ಟೆಲ್ಲ ನೋಡಿ ಅವರು ಕೊಟ್ಟ ತೀರ್ಪು: "ಗ್ಯಾಸ್ಕೆಟ್‌ನ. ದಸ್ತು ಮಾಡಿದ್ದ ಹಂಗ."

"ಆಯಿಲ್ ಚೆನ್ನಾಗಿದೆ ಅಂದ್ರಲ್ಲ ಭಾವ" ಅಂದೆ.

"ಈಗಿನ್ನೂ ಶುರು ಇರಬೇಕು" ಅಂದರು. ಎರಡು ವರ್ಷದಿಂದ ಶುರುವಿನಲ್ಲೇ ಇರುವ ರೋಗವನ್ನು ನಾನು ಕೇಳಿರಲಿಲ್ಲ.

ಶೇವಂತಾಬಾಯಿ ಕೈ ತೊಳೆದುಕೊಂಡು ಇದನ್ನೆಲ್ಲ ಕೇಳುತ್ತಿದ್ದರು. "ನೆಲಕ್ಕ ಬೀಳೂದಿಲ್ಲ ಅಂತೀರಿ. ಒಳಗೂ ಹೋಗಿಲ್ಲ ಅಂತೀರಿ. ಅಂದ್ರ ಬೆವರಾಕತ್ತೈತಿ" ಅಂದರು.

"ಏನು ಬೆವರೂದು?"

"ಯಾವದರ ಒಂದು. ಕೆಲವು ಕೊಡಾ ಹಂಗ ಇರತಾವ್ರಿ ಅಣ್ಣಾ. ಬಡದ್ರ ದನಿ ಬರೋಬ್ಬರಿ, ಸೀಳಿಲ್ಲ, ತೂತಿಲ್ಲ. ಗಿರಾಕಿ ವಾಪಸ್ ತರತಾರ, ಸೋರತೈತಿ ಅಂತ. ಕಣ್ಣಿಗೆ ಕಾಣಂಗಿಲ್ಲ. ನಾ ನೀರು ತುಂಬಿ ಮ್ಯಾಲ ಒಣಾ ಮಣ್ಣು ಉದರಸ್ತೇನಿ. ಬೆವರೋ ಜಾಗಾ ತಾನ ಕರ್ರಗ ಆಗತೈತಿ."

ಭಾವ ನಕ್ಕರು. ಆದರೂ ಬೇಡ ಅನ್ನಲಿಲ್ಲ. ಬೈಕಿನವರು ಯಾರೂ ಹೋಗಿರಲಿಲ್ಲ, ಅವರು ಮಧ್ಯಾಹ್ನದವರೆಗೂ ಇರುವ ತಯಾರಿಯಲ್ಲಿದ್ದರು. ಶೇವಂತಾಬಾಯಿ ಹಿಟ್ಟಿನಂಥ ಒಣ ಮಣ್ಣನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಂದರು. ಮಗುವಿಗೆ ಪೌಡರ್ ಬಡಿದಂತೆ ಪೈಪು, ಪೈಪಿನ ಕ್ಲಿಪ್ಪು, ರೇಡಿಯೇಟರಿನ ಅಂಚು, ಗ್ಯಾಸ್ಕೆಟ್ಟಿನ ಗೆರೆ, ಎಲ್ಲದರ ಮೇಲೂ ಬಡಿದರು. ಎಲ್ಬೋದ ಹತ್ತಿರ ಬಂದಾಗ ಭಾವ, "ಅದು ಬ್ಯಾಡ್ರಿ, ಅದು ಹೊಸಾದು" ಅಂದರು.

"ಕೊಡಾನೂ ಹೊಸಾವ ಬೆವರತಾವ್ರಿ" ಎಂದು ಶೇವಂತಾಬಾಯಿ ಅದರ ಮೇಲೂ ಬಡಿದರು.

ನೀರು ತುಂಬಿ ಇಂಜಿನ್ ಚಾಲೂ ಮಾಡಿದರು. ಮೊದಲ ಐದು ನಿಮಿಷ ಏನೂ ಆಗಲಿಲ್ಲ. ನನಗೆ ಹಳೆಯ ಹುದ್ದೆ. ಒಳಗೆ ಕೂತು ಮುಳ್ಳು ಏರುವುದನ್ನು ಹೇಳುತ್ತಿದ್ದೆ. ಮುಳ್ಳು ಅರ್ಧಕ್ಕೆ ಬಂತು ಎಂದು ಕೂಗಿದೆ. ಹೊರಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಇಳಿದು ಹೋಗಿ ನೋಡಿದೆ.

ಗ್ಯಾಸ್ಕೆಟ್ಟಿನ ಗೆರೆಯ ಉದ್ದಕ್ಕೂ ಮಣ್ಣು ಬೆಳ್ಳಗೆ ಒಣಗಿಯೇ ಇತ್ತು. ಪೈಪುಗಳೂ ಹಾಗೇ. ಎಲ್ಬೋ ಬಾಗುವ ಕಡೆ, ಒಳಮೈಯಲ್ಲಿ, ಸಾಸಿವೆಯಷ್ಟು ಒಂದು ಕಪ್ಪು ಚುಕ್ಕೆ ಮೂಡಿತ್ತು. ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು. ಆಮೇಲೆ ಐದಾರು ಸೇರಿ ಒಂದು ಒದ್ದೆ ಮಚ್ಚೆಯಾಯಿತು. ಅದರಿಂದ ಜಾರಿದ ಸಣ್ಣ ಹನಿ ಕೆಳಗಿನ ಕಾದ ಕಬ್ಬಿಣಕ್ಕೆ ಬಿದ್ದು ಚುಂಯ್ ಎಂದು ಇಲ್ಲವಾಯಿತು. ನೆಲ ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

ಆಗ ನನಗೆ ಬೆಳಗಿನ ಒದ್ದೆ ಬಟ್ಟೆಯ ಅರ್ಥ ಹೊಳೆಯಿತು. ಹಾಗೆ ಬೆವರುವ ಕಡೆ ನೀರು ಆರಿ ಬಿಳಿ ಉಪ್ಪು ಕಟ್ಟಬೇಕು. ಕಟ್ಟುತ್ತಿದ್ದಿರಲೂ ಬೇಕು. ಪ್ರತಿದಿನ ಬೆಳಿಗ್ಗೆ ಅದನ್ನು ಪ್ರೀತಿಯಿಂದ ಒರೆಸಿ ತೆಗೆಯುತ್ತಿದ್ದವರು ಭಾವ. ನನ್ನ ಕಸುಬಿನಲ್ಲೂ ಹೀಗೇ. ಬೇರೆಯವರ ಪುಸ್ತಕದ ತಪ್ಪು ಮೈಲಿ ದೂರದಿಂದ ಕಾಣುತ್ತದೆ, ನಾನು ಬರೆದ ಒಂದು ಪತ್ರದ ತಪ್ಪು ಅಂಚೆಗೆ ಹಾಕಿದ ಮೇಲೂ ಕಾಣುವುದಿಲ್ಲ.

ಭಾವ ಇಂಜಿನ್ ನಿಲ್ಲಿಸಿದರು. "ಹೊಯ್ಯೂ ಮುಂದ ಗಾಳಿ ಉಳದೈತಿ" ಅಂದರು, ಯಾರಿಗೂ ಅಲ್ಲ. "ಲೋಹದಾಗ ಸಣ್ಣ ತೂತು. ಮೊದಲ ಎರಡು ವರ್ಷ ತಡದೈತಿ, ಆಮ್ಯಾಲ ಕೊರದೈತಿ. ಕಾದಾಗ, ಒಳಗ ಒತ್ತಡ ಬಿದ್ದಾಗ ಬಾಯಿ ಬಿಡತೈತಿ. ಬ್ಯಾರೇವ್ರ ಮಾಲ್ ಆಗಿದ್ರ ನೀರಾಗ ಮುಳುಗಿಸಿ ಗಾಳಿ ಬಿಟ್ಟು ನೋಡತಿದ್ನಿ. ಇದನ್ನ ನೋಡಲಿಲ್ಲ."

"ಯಾಕ ನೋಡಲಿಲ್ರಿ?" ಅಂದಳು ಅಕ್ಕ. ಮೆಲ್ಲಗೇ ಕೇಳಿದಳು.

"ನಾ ಹೊಯ್ದಿದ್ನಲ್ಲ" ಅಂದರು.

ಅವರ ಮುಖ ನೋಡಲು ನನಗೆ ಆಗಲಿಲ್ಲ. ಬೈಕಿನವರು ಕೂಡ ಒಬ್ಬೊಬ್ಬರಾಗಿ ಹೊರಟರು. ಶೇವಂತಾಬಾಯಿ ಮಾತ್ರ, "ಹತ್ತು ಕೊಡದಾಗ ಒಂದು ನಂದೂ ಬೆವರತೈತ್ರಿ. ಅದರಾಗ ಗಿಡಾ ಹಚ್ಚತೇನಿ" ಎಂದು ಅಕ್ಕನಿಗೆ ಕುಂಡಗಳನ್ನು ಕಟ್ಟಿಕೊಡಲು ಒಳಗೆ ಹೋದರು.

ಭಾವ ಕಾರಿಗೆ ನೀರು ತುಂಬಿ, ರೇಡಿಯೇಟರಿನ ಮುಚ್ಚಳವನ್ನು ಒಂದು ಹಲ್ಲು ಸಡಿಲ ಬಿಟ್ಟರು. ಒಳಗೆ ಒತ್ತಡ ಕಟ್ಟದಿದ್ದರೆ ಬೆವರುವುದು ಕಡಿಮೆ, ಮೆಲ್ಲಗೆ ಹೋಗಬಹುದಂತೆ.

"ಕಣಕುಂಬಿ?" ಅಂದೆ.

"ಹೊಳಿ ಎಲ್ಲೂ ಓಡಿ ಹೋಗೂದಿಲ್ಲ" ಎಂದು ಕಾರನ್ನು ಬೆಳಗಾವಿಯ ಕಡೆ ತಿರುಗಿಸಿದರು.

ಮತ್ತೆ ಉದ್ಯಮಬಾಗ

ಎತ್ತಿನಗಾಡಿಯ ವೇಗದಲ್ಲಿ, ನಾಲ್ಕು ಕಡೆ ನಿಂತು ನೀರು ಕುಡಿಸಿಕೊಂಡು ಬಂದೆವು. ಉದ್ಯಮಬಾಗದಲ್ಲಿ ಭಾವ ಬಲಕ್ಕೆ ತಿರುಗಿಸಿ, ಎರಡು ವರ್ಷದ ಮೇಲೆ ಮೊದಲ ಸಲ, ದಸ್ತಗೀರರ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು.

ದಸ್ತಗೀರ್ ಸ್ಟೂಲಿನಿಂದ ಎದ್ದು, "ಬರ್ರಿ ವೈನಿ" ಎಂದು, ಅತ್ತಿಗೆಯನ್ನು ಕರೆಯುವ ಹಾಗೆ, ಅಕ್ಕನನ್ನು ಮಾತ್ರ ಕರೆದರು. ಅಕ್ಕನ ಕಣ್ಣು ತುಂಬಿತು. ಭಾವನ ಕಡೆ ಅವರು ನೋಡಲಿಲ್ಲ.

ಭಾವ ಬಾನೆಟ್ ಎತ್ತಿದರು. ಇಂಜಿನ್ ಆರುವವರೆಗೆ ಬಿಸಿಲಲ್ಲೇ ನಿಂತಿದ್ದರು. ಆಮೇಲೆ ಸ್ಪ್ಯಾನರಿನಿಂದ, ಇಲ್ಲಿಯವರು ಅದಕ್ಕೆ ಪಾನಾ ಅನ್ನುತ್ತಾರೆ, ಎರಡು ಬೋಲ್ಟ್ ಬಿಚ್ಚಿ ಎಲ್ಬೋ ತೆಗೆದು, ಮಣ್ಣು ಮೆತ್ತಿದ ಹಾಗೆಯೇ, ದಸ್ತಗೀರರ ಮುಂದಿನ ಮೇಜಿನ ಮೇಲೆ ಇಟ್ಟರು.

"ಸೋರಿದ್ದು ಇದು. ನಿನ್ನ ಗ್ಯಾಸ್ಕೆಟ್ ಅಲ್ಲ."

ದಸ್ತಗೀರ್ ಕನ್ನಡಕ ಸರಿಮಾಡಿಕೊಂಡು ಅದನ್ನು ತಿರುಗಿಸಿ ನೋಡಿದರು. "ಯಾರ ಮಾಲು?"

"ನಂದು. ತಪ್ಪಾತು ದಸ್ತು."

ದಸ್ತಗೀರ್ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಎರಡು ವರ್ಷ ನಾ ಒಂದು ಇಂಜಿನ್ ಬಿಚ್ಚಿಲ್ಲ ಪಾರಿಸಾ. ಪಾನಾ ಹಿಡದಾಗೆಲ್ಲ ಕೈ ನೋಡಿಕೋತಿದ್ನಿ. ಮಂದಿನೂ ನೋಡತಿದ್ರು. ಅದನ್ನ ನೀ ನಾಕು ಮಂದಿ ಮುಂದ ಅಂದಿದ್ದಿ. ಇದನ್ನ ಯಾರೂ ಇಲ್ಲದಾಗ ಬಂದು ಹೇಳತೀ?"

ಭಾವ ನಿಂತೇ ಇದ್ದರು. ನನಗೆ ಅವರು ಕಾರು ಬಿಟ್ಟು ಮನೆಗೆ ನಡೆದುಬಿಡುತ್ತಾರೆ ಅನ್ನಿಸಿತು. ಅವರು ಗಡಿಯಾರ ನೋಡಿಕೊಂಡು, "ಶಿಫ್ಟ್ ಬಿಡಾಕ ಹತ್ತು ಮಿನಿಟ್ ಐತಿ" ಅಂದರು. ಆಮೇಲೆ ಕೆಂಪು ಬಣ್ಣ ಇದೆಯೇ ಎಂದು ಕೇಳಿ, ಮೂಲೆಯಲ್ಲಿದ್ದ ಡಬ್ಬಿಯಿಂದ ಬೆರಳಿಗೆ ಬಣ್ಣ ಹಚ್ಚಿಕೊಂಡು ಎಲ್ಬೋದ ಮೇಲೆ ಒಂದು ದಪ್ಪ ಗೀಟು ಎಳೆದರು. ಕೆಟ್ಟ ಮಾಲು ಒಳ್ಳೆಯದರಲ್ಲಿ ಸೇರಿಹೋಗಬಾರದೆಂದು ಫೌಂಡ್ರಿಯಲ್ಲಿ ಹಾಗೆ ಗುರುತು ಹಾಕುತ್ತಾರೆ ಎಂದು ಅಕ್ಕ ನನಗೆ ಹೇಳಿದಳು.

ಕಾರ್ಖಾನೆಯ ಭೋಂಗಾ ಕೂಗಿತು. ಗೇಟುಗಳಿಂದ ಜನ ಹೊರಬಿದ್ದರು, ಬೈಕು, ಸೈಕಲ್ಲು, ಬಸ್ಸಿಗೆ ಓಡುವವರು. ಚಹಾದಂಗಡಿ ತುಂಬಿತು. ಹಳಬರು ಕೆಲವರು ಭಾವನನ್ನು ಗುರುತಿಸಿ, "ಏನ್ರಿ ರಿಜೆಕ್ಟ್ ಸಾಹೇಬ್ರ, ಆರಾಮಾ?" ಅಂದರು. ಭಾವ ಚಹಾದಂಗಡಿಯ ಕಟ್ಟೆ ಹತ್ತಿ ಎಲ್ಬೋ ಮೇಲೆತ್ತಿ ಹಿಡಿದು ಏನೋ ಹೇಳಿದರು. ಅಷ್ಟರಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಯಾರಿಗೂ ಕೇಳಿಸಲಿಲ್ಲ.

"ಏನಂದ್ರಿ ಸಾಹೇಬ್ರ?"

ಒಂದು ಸಲ ಹೇಳುವುದೇ ಕಷ್ಟವಾದ ಮಾತನ್ನು ಎರಡನೆಯ ಸಲ, ಇನ್ನೂ ಜೋರಾಗಿ ಹೇಳಬೇಕಾಯಿತು.

"ಎರಡು ವರ್ಷದ ಹಿಂದ ಇಲ್ಲೇ ನಿಂತು ದಸ್ತಗೀರನ ಕೈ ನಡಗತಾವ ಅಂದಿದ್ನಿ! ಸುಳ್ಳು! ಅವನ ಕೆಲಸ ಬರೋಬ್ಬರಿ ಇತ್ತು! ಕೆಟ್ಟದ್ದು ಈ ಎಲ್ಬೋ! ಇದನ್ನ ಹೊಯ್ದಾಂವ ನಾ, ಪಾಸ್ ಮಾಡಿದಾಂವ ನಾ! ಇದು ರಿಜೆಕ್ಟ್!"

ಕೊನೆಯ ಶಬ್ದಕ್ಕೆ ಅವರ ದನಿ ಒಡೆಯಿತು. ಯಾರೂ ನಗಲಿಲ್ಲ. ನಾನು ಅತ್ತೆ, ಅದನ್ನು ಮುಚ್ಚಿಡುವುದೇಕೆ.

ದಸ್ತಗೀರ್ ಅವರನ್ನು ಕೈಹಿಡಿದು ಕಟ್ಟೆಯಿಂದ ಇಳಿಸಿದರು. "ನಾಕು ಮಂದಿ ಅಂದಿದ್ನಿ. ಇಡೀ ಶಿಫ್ಟಿಗೆ ಸಾರಿದೆಲ್ಲೋ ಮಾರಾಯಾ" ಅಂದರು. ಆಮೇಲೆ ಹಳೆಯ ಸಾಮಾನಿನ ಪೆಟ್ಟಿಗೆ ತಡಕಾಡಿ, ಯಾವುದೋ ಸತ್ತ ಇಂಜಿನ್ನಿನ ಎಲ್ಬೋ ಒಂದನ್ನು ಹುಡುಕಿ ತೆಗೆದು, ಭಾವನ ಕಾರಿನ ಬಾನೆಟ್ ಕೆಳಗೆ ಬಗ್ಗಿದರು.

"ಹನ್ನೆರಡರ ಪಾನಾ ಕೊಡು" ಎಂದು ತಿರುಗದೆಯೇ ಹಿಂದಕ್ಕೆ ಕೈ ಚಾಚಿದರು.

ಚಾಚಿದ ಕೈ ಸ್ವಲ್ಪ ನಡುಗುತ್ತಿತ್ತು. ನನಗೆ ಕಂಡಿತು, ಅಕ್ಕನಿಗೆ ಕಂಡಿತು, ಭಾವನಿಗಂತೂ ಕಂಡೇ ಕಂಡಿತು. ಮೂವತ್ತು ವರ್ಷ ತಪ್ಪು ಹಿಡಿದ ಮನುಷ್ಯ ಏನೂ ಹೇಳದೆ ಪಾನಾ ತೆಗೆದು ಆ ಅಂಗೈಯಲ್ಲಿಟ್ಟರು, ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿಯುವವರೆಗೆ ತಾವೂ ಬಿಡಲಿಲ್ಲ.